ಹಬ್ಬದ ಮಾರನೇ ದಿನ ಮೇವು ಬಿಟ್ಟ ಹಸು: ಹೊಟ್ಟೆಯ ಹುಳಿ ರಕ್ತಕ್ಕೇರುವ ಅಸಿಡೋಸಿಸ್ ಪತ್ತೆ ಹಚ್ಚುವುದು ಹೇಗೆ

ಗಣೇಶನ ಹಬ್ಬದ ಮಾರನೇ ದಿನ ಬೆಳಗ್ಗೆ ಐದೂವರೆಗೆ ಫೋನು ಬಂತು. "ಡಾಕ್ಟ್ರೇ, ಹಸ ಮೇಲೇಳ್ತಿಲ್ಲ, ಬಾಯಿಗೆ ಏನೂ ಮುಟ್ಟಿಸ್ತಿಲ್ಲ. ನಿನ್ನೆ ಸಂಜೆ ಎಂಟು ಲೀಟ್ರು ಕೊಟ್ಟಿತ್ತು." ಏನು ತಿಂದಿತ್ತು ಎಂದು ಕೇಳಿದೆ. "ದಿನಾ ತಿನ್ನೋದೇ, ಹುಲ್ಲು, ಬೂಸ, ಫೀಡು."

ಕೊಟ್ಟಿಗೆಗೆ ಕಾಲಿಟ್ಟ ಕೂಡಲೇ ಹುಳಿ ಬಂದ ಹಿಟ್ಟಿನ ವಾಸನೆ. ಹಸುವಿನ ಹಿಂದೆ ಬೂದಿ ಬಣ್ಣದ ನೀರು ಸಗಣಿ, ಅದರ ಮೇಲೆ ನೊರೆ. ಕಡ್ಡಿಯಿಂದ ಕೆದಕಿದರೆ ಒಳಗೆ ಬಿಡಿ ಬಿಡಿ ಅನ್ನದ ಅಗುಳು. ಬಾಗಿಲಲ್ಲಿ ನಿಂತಿದ್ದ ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು, ಆಮೇಲೆ ಮೆಲ್ಲಗೆ ಹೇಳಿದರು: "ಒಂದು ಬಕೀಟು ಅನ್ನ, ಪಾಯಸ ಮಿಕ್ಕಿತ್ತಪ್ಪಾ. ಚೆಲ್ಲಕ್ಕೆ ಮನಸು ಬರ್ಲಿಲ್ಲ. ಹಬ್ಬ ಅಲ್ವಾ, ಅದೂ ತಿನ್ಲಿ ಅಂತ ಹಾಕ್ಬಿಟ್ಟೆ."

ಈ ಕಾಯಿಲೆಯ ಪತ್ತೆ ಅರ್ಧಕ್ಕರ್ಧ ಆ ಒಂದು ಮಾತಿನಲ್ಲಿದೆ. ರಕ್ತ ಪರೀಕ್ಷೆ, ಪಿಎಚ್ (ಹುಳಿಯ ಅಳತೆ, ಅಂಕಿ ಇಳಿದಷ್ಟೂ ಹುಳಿ ಹೆಚ್ಚು) ಕಾಗದ ಎಲ್ಲ ಆಮೇಲೆ. ಹಿಂದಿನ ಒಂದೂವರೆ ದಿನದಲ್ಲಿ ಹಸುವಿನ ಹೊಟ್ಟೆಗೆ ಹೊಸದಾಗಿ ಏನು ಹೋಯಿತು ಎನ್ನುವುದು ಮೊದಲು ತಿಳಿಯಬೇಕು. ಬೈಯುತ್ತಾ ಕೇಳಿದರೆ ಯಾರೂ ಹೇಳುವುದಿಲ್ಲ. ಪ್ರೀತಿಯಿಂದ ಹಾಕಿದವರು ತಪ್ಪು ಮಾಡಿಬಿಟ್ಟೆವೆಂಬ ಭಯದಲ್ಲಿರುತ್ತಾರೆ. ಪಕ್ಕದ ಮನೆಯವರು ಹಾಕಿರಬಹುದು, ಮಕ್ಕಳು ಹಾಕಿರಬಹುದು, ರಾತ್ರಿ ಹಗ್ಗ ಬಿಚ್ಚಿಕೊಂಡು ಕಣದ ರಾಗಿ ರಾಶಿಗೋ ಮುಸುಕಿನ ಜೋಳದ ಚೀಲಕ್ಕೋ ಹಸುವೇ ಬಾಯಿ ಹಾಕಿರಬಹುದು. ಮನೆಯವರನ್ನು ಒಬ್ಬೊಬ್ಬರನ್ನಾಗಿ, ಸಮಾಧಾನದಿಂದ ಕೇಳಿ.

ಒಳಗೆ ಆಗುವುದೇನು

ದೊಡ್ಡ ಹಸುವಿನ ಮೆಲುಕು ಹೊಟ್ಟೆಯಲ್ಲಿ ನೂರು ಲೀಟರಿಗೂ ಮಿಕ್ಕಿ ಹಿಡಿಸುತ್ತದೆ. ಅದು ಬರೀ ಚೀಲವಲ್ಲ, ಕೋಟಿ ಕೋಟಿ ಸೂಕ್ಷ್ಮಜೀವಿಗಳು ಹುಲ್ಲನ್ನು ಕೊಳೆಸಿ ಹಸುವಿಗೆ ಆಹಾರ ಮಾಡಿಕೊಡುವ ಜಾಗ. ಅಲ್ಲಿನ ಪಿಎಚ್ ಸಾಮಾನ್ಯವಾಗಿ 6ರಿಂದ 7ರ ನಡುವೆ ಇರುತ್ತದೆ. ಅದನ್ನು ಆ ಮಟ್ಟದಲ್ಲಿ ಹಿಡಿದಿಡುವುದು ಜೊಲ್ಲು. ಮೆಲುಕು ಹಾಕುತ್ತಾ ಹಸು ದಿನಕ್ಕೆ ನೂರು ಲೀಟರಿಗಿಂತ ಹೆಚ್ಚು ಜೊಲ್ಲು ನುಂಗುತ್ತದೆ. ಆ ಜೊಲ್ಲಿನಲ್ಲಿ ಅಡುಗೆ ಸೋಡಾದಲ್ಲಿರುವ ಬೈಕಾರ್ಬನೇಟೇ ಇರುತ್ತದೆ. ಹುಲ್ಲು ತಿಂದರೆ ಮೆಲುಕು, ಮೆಲುಕಿನಿಂದ ಜೊಲ್ಲು, ಜೊಲ್ಲಿನಿಂದ ಹುಳಿಗೆ ತಡೆ.

ಅನ್ನ, ಹಿಟ್ಟು, ಕಾಳು, ಬೆಲ್ಲ, ಮಾಗಿದ ಹಣ್ಣು ಇವಕ್ಕೆ ಮೆಲುಕು ಬೇಕಿಲ್ಲ, ಹಾಗಾಗಿ ಜೊಲ್ಲೂ ಬರುವುದಿಲ್ಲ. ಬೆಂದ ಅನ್ನದ ಪಿಷ್ಟ ಹಸಿ ಕಾಳಿಗಿಂತ ಬೇಗ ಹುದುಗುತ್ತದೆ. ಸ್ಟ್ರೆಪ್ಟೊಕಾಕಸ್ ಬೋವಿಸ್ ಎಂಬ ಬ್ಯಾಕ್ಟೀರಿಯಾ ಗಂಟೆಗಳಲ್ಲೇ ವಿಪರೀತ ಹೆಚ್ಚಿ ಲ್ಯಾಕ್ಟಿಕ್ ಆಮ್ಲ ಸುರಿಯುತ್ತದೆ. ಪಿಎಚ್ 5ರ ಹತ್ತಿರ ಬಂದಾಗ ಹುಲ್ಲು ಜೀರ್ಣಿಸುವ ಜೀವಿಗಳು ಸಾಯುತ್ತವೆ. ಆಮ್ಲದಲ್ಲೇ ಸುಖವಾಗಿರುವ ಲ್ಯಾಕ್ಟೊಬ್ಯಾಸಿಲಸ್ ಆ ಜಾಗ ಹಿಡಿದು ಇನ್ನಷ್ಟು ಆಮ್ಲ ಮಾಡುತ್ತದೆ. 6.5 ಇದ್ದದ್ದು 4.5ಕ್ಕೆ ಇಳಿಯಿತೆಂದರೆ ಎರಡು ಅಂಕ ಕಡಿಮೆಯಾಯಿತು ಅಷ್ಟೇ ಎಂದುಕೊಳ್ಳಬೇಡಿ, ಹುಳಿ ನೂರು ಪಟ್ಟು ಹೆಚ್ಚಿದೆ.

ಇಷ್ಟಾದ ಮೇಲೆ ಎರಡು ಕೆಡುಕು ಒಟ್ಟಿಗೇ ಶುರುವಾಗುತ್ತವೆ. ಹೊಟ್ಟೆಯ ರಸ ಗಟ್ಟಿಯಾಗಿ ರಕ್ತದ ನೀರನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತದೆ. ಹೊಟ್ಟೆಯಲ್ಲಿ ನೀರು ಗುಳುಗುಳು ಎನ್ನುತ್ತಿದ್ದರೂ ಕಣ್ಣು ಗುಳಿ ಬಿದ್ದಿರುತ್ತದೆ, ಮೂತಿ ಒಣಗಿರುತ್ತದೆ. ಇನ್ನೊಂದು ಕಡೆ ಆಮ್ಲ ರಕ್ತಕ್ಕೆ ಸೇರುತ್ತದೆ. ರಕ್ತದ ಪಿಎಚ್ 7.4ರ ಆಸುಪಾಸಿನಲ್ಲೇ ಇರಬೇಕು, 7.2ಕ್ಕೆ ಇಳಿದರೆ ಜೀವಕ್ಕೆ ಅಪಾಯ. ಸಕ್ಕರೆ ಕಾಯಿಲೆ ಕೈಮೀರಿದ ಮನುಷ್ಯರಲ್ಲಿ ರಕ್ತ ಹುಳಿಯಾಗುವುದನ್ನು ಕೇಳಿರುತ್ತೀರಿ. ಹುಳಿ ಬರುವ ದಾರಿ ಬೇರೆಯಾದರೂ ದೇಹ ಅದನ್ನು ಹೊರಹಾಕಲು ಪಡುವ ಪಾಡು ಎರಡರಲ್ಲೂ ಒಂದೇ. ಶ್ವಾಸಕೋಶ ಜೋರಾಗಿ ಉಸಿರಾಡಿ ಇಂಗಾಲದ ಡೈಆಕ್ಸೈಡ್ ಹೊರದೂಡುತ್ತದೆ, ಮೂತ್ರಪಿಂಡ ಮೂತ್ರದಲ್ಲಿ ಆಮ್ಲ ಹೊರದೂಡುತ್ತದೆ. ಅದಕ್ಕೇ ರೈತರಿಗೆ ನಾನು ಹೇಳುವುದು: ಉಸಿರು ನೋಡಿ, ಮೂತ್ರ ನೋಡಿ.

ಪರೀಕ್ಷೆ: ಕೈಗೆ ಸಿಗುವುದರಿಂದಲೇ ಶುರು ಮಾಡಿ

ಮೊದಲು ಎಡ ಪಕ್ಕೆ. ಹಿಂದಿನ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವಿನ ಗುಳಿಗೆ ಮುಷ್ಟಿ ಒತ್ತಿ ಎರಡು ನಿಮಿಷ ಹಾಗೇ ಇಡಿ. ಆರೋಗ್ಯದ ಹಸುವಿನಲ್ಲಿ ಎರಡು ನಿಮಿಷಕ್ಕೆ ಎರಡು ಮೂರು ಸಲ ಅಲೆ ಬಂದಂತೆ ಮುಷ್ಟಿಯನ್ನು ಹೊರಗೆ ತಳ್ಳುತ್ತದೆ. ಅಸಿಡೋಸಿಸ್‌ನಲ್ಲಿ ಹೊಟ್ಟೆ ನಿಂತುಹೋಗಿರುತ್ತದೆ. ಮುಷ್ಟಿಯಿಂದ ಗುದ್ದಿದಂತೆ ಅಲುಗಿಸಿದರೆ ಅರ್ಧ ತುಂಬಿದ ಕೊಡ ಕುಲುಕಿದ ಸದ್ದು. ಶುರುವಿನಲ್ಲಿ ಕಲಸಿದ ಹಿಟ್ಟು ಮುಟ್ಟಿದ ಹಾಗೂ ಇರಬಹುದು. ತಮಟೆಯ ಹಾಗೆ ಬಿಗಿದು ಬೆರಳಲ್ಲಿ ಬಡಿದರೆ ಢಂ ಎಂದರೆ ಅದು ಹೊಟ್ಟೆಯುಬ್ಬರ, ಅದರ ದಾರಿಯೇ ಬೇರೆ, ಅಲ್ಲಿ ನಿಮಿಷಗಳ ಲೆಕ್ಕ.

ಆಮೇಲೆ ಉಸಿರು. ನಿಂತ ಹಸು ನಿಮಿಷಕ್ಕೆ 20ರಿಂದ 30 ಸಲ ಉಸಿರಾಡುತ್ತದೆ. ಬಿಸಿಲಿಲ್ಲದ ಹೊತ್ತಿನಲ್ಲಿ, ಓಡಾಡದೆ, 50–60 ದಾಟಿದ್ದರೆ ಗಮನಿಸಿ. ಜ್ವರ ನೋಡಿ. ನ್ಯುಮೋನಿಯಾ ಆದರೆ ಮೈ ಸುಡುತ್ತದೆ. ಇಲ್ಲಿ ಥರ್ಮಾಮೀಟರ್ ಸಾಮಾನ್ಯಕ್ಕಿಂತ, ಅಂದರೆ 101–102 ಫ್ಯಾರನ್‌ಹೀಟ್‌ಗಿಂತ, ಕೆಳಗೇ ನಿಂತಿರಬಹುದು. ಉಸಿರು ಜೋರು, ಮೈ ತಣ್ಣಗೆ ಎರಡೂ ಕೂಡಿ ಬಂದರೆ ಹೊಟ್ಟೆಯ ಕಡೆ ತಿರುಗಿ.

ಮೂತ್ರದ ಪರೀಕ್ಷೆಯನ್ನು ತುಂಬ ಮಂದಿ ಬಿಟ್ಟುಬಿಡುತ್ತಾರೆ, ನನಗೆ ಬೇಸರವಾಗುವುದು ಅದಕ್ಕೇ. ಮೆಡಿಕಲ್ ಸ್ಟೋರಿನಲ್ಲಿ ಸಿಗುವ, ಮನುಷ್ಯರ ಮೂತ್ರ ನೋಡುವ ಕಡ್ಡಿಯೇ ಸಾಕು, ಅದರಲ್ಲಿ ಪಿಎಚ್ ಚೌಕ ಇರಬೇಕಷ್ಟೇ. ಹಸುವಿನ ಹಿಂದೆ ನಿಂತು ಯೋನಿಯ ಕೆಳಗಿನ ಚರ್ಮವನ್ನು ಬೆರಳಿನಿಂದ ಮೇಲೆ ಕೆಳಗೆ ಮೆತ್ತಗೆ ಸವರಿದರೆ ಒಂದೆರಡು ನಿಮಿಷದಲ್ಲಿ ಮೂತ್ರ ಹಾಕುತ್ತದೆ. ಹುಲ್ಲು ತಿನ್ನುವ ಹಸುವಿನ ಮೂತ್ರ ಕ್ಷಾರ, ಪಿಎಚ್ 8ರ ಹತ್ತಿರ, ಕಡ್ಡಿ ಹಸಿರು ನೀಲಿಗೆ ತಿರುಗುತ್ತದೆ. ಅಜ್ಜಿಯ ಹಸುವಿನಲ್ಲಿ ಕಡ್ಡಿ ಕಿತ್ತಳೆ ಬಣ್ಣದಲ್ಲೇ ನಿಂತಿತು, 5. ಮನೆಯ ಹುಡುಗನಿಗೆ ಪಕ್ಕದ ಹಸುವಿನ ಮೂತ್ರದಲ್ಲೂ ಒಂದು ಕಡ್ಡಿ ಅದ್ದಿ ಕೊಡು ಎಂದೆ. ಎರಡನ್ನೂ ಅಂಗೈ ಮೇಲಿಟ್ಟುಕೊಂಡಾಗ ಅವನಿಗೆ ನಾನೇನೂ ವಿವರಿಸಬೇಕಾಗಲಿಲ್ಲ. ಒಂದು ಎಚ್ಚರಿಕೆ ಇದೆ: ಕರು ಹಾಕುವ ಮುಂಚಿನ ವಾರಗಳಲ್ಲಿ ಹಾಲು ಜ್ವರ (ಕ್ಯಾಲ್ಸಿಯಂ ಕಡಿಮೆಯಾಗಿ ಹಸು ಬೀಳುವ ಕಾಯಿಲೆ) ತಡೆಯಲು ಕೆಲವರು ಕೊಡುವ ಋಣ ಅಯಾನು ಲವಣಗಳಿಂದಲೂ ಮೂತ್ರ ಹುಳಿಯಾಗುತ್ತದೆ. ಅಂಥ ಹಸುವಿನಲ್ಲಿ ಈ ಒಂದನ್ನೇ ನಂಬಬೇಡಿ. ಮೂತ್ರವೇ ಬರುತ್ತಿಲ್ಲ ಎಂದರೆ ನೀರು ಅಷ್ಟು ಕಡಿಮೆಯಾಗಿದೆ ಎಂದರ್ಥ, ಅದು ಇನ್ನೂ ಕೆಟ್ಟ ಗುರುತು.

ಕೊನೆಗೆ ನಾಡಿ. ಬಾಲದ ಬುಡದಿಂದ ಒಂದು ಗೇಣು ಕೆಳಗೆ, ಒಳಮೈಯ ನಡುಗೆರೆಯಲ್ಲಿ ಬೆರಳಿಟ್ಟರೆ ಸಿಗುತ್ತದೆ. ನಿಮಿಷಕ್ಕೆ 60–80 ಸಹಜ. ಚಿಕಿತ್ಸೆಯ ದಾರಿ ತೀರ್ಮಾನಿಸುವಾಗ ನಾನು ಹೆಚ್ಚು ನೆಚ್ಚುವ ಅಂಕಿ ಇದು. 100ರ ಒಳಗಿದ್ದರೆ ಔಷಧಕ್ಕೆ ಒಲಿಯುವ ಆಸೆ ಚೆನ್ನಾಗಿದೆ. 120 ದಾಟಿ, ಹಸು ಮಲಗಿಬಿಟ್ಟಿದ್ದರೆ ಕಾಲ ತುಂಬ ಕಡಿಮೆ.

ಪಶುವೈದ್ಯರು ನಳಿಗೆ ಹಾಕಿ ಹೊಟ್ಟೆಯ ರಸ ತೆಗೆದರೆ ಅನುಮಾನ ಉಳಿಯುವುದಿಲ್ಲ. ಆರೋಗ್ಯದ ರಸ ಹಸಿರು, ಮಂದ, ಹದವಾದ ವಾಸನೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಪ್ರೋಟೋಜೋವಾ ಎಂಬ ಸೂಕ್ಷ್ಮಜೀವಿಗಳು ಸಂತೆಯ ಜನದಂತೆ ಓಡಾಡುತ್ತಿರುತ್ತವೆ. ಹುಳಿ ಹಿಡಿದ ರಸ ಹಾಲು ಬೆರೆಸಿದ ಬೂದಿ ಬಣ್ಣ, ಮೂಗಿಗೆ ಹೊಡೆಯುವ ಹುಳಿ, ಗಾಜಿನ ಮೇಲೆ ಒಂದೂ ಅಲುಗುವುದಿಲ್ಲ. ಪಿಎಚ್ 5ಕ್ಕಿಂತ ಕಡಿಮೆಯಿದ್ದರೆ ತೀವ್ರ ಅಸಿಡೋಸಿಸ್. ನಳಿಗೆಯಲ್ಲಿ ಜೊಲ್ಲು ಬೆರೆತರೆ ಅಂಕಿ ಸುಳ್ಳು ಹೆಚ್ಚು ತೋರಿಸುತ್ತದೆ, ಮೊದಲು ಬಂದ ರಸ ಚೆಲ್ಲಿ ಆಮೇಲಿನದನ್ನು ನೋಡಬೇಕು.

ಏನಲ್ಲ ಎಂದು ತಿಳಿಯುವುದು

ತಪ್ಪು ಔಷಧ ಬೀಳುವುದು ಇಲ್ಲೇ. ಮಲಗಿ ಕತ್ತನ್ನು ಪಕ್ಕೆಗೆ ತಿರುಗಿಸಿಕೊಂಡ ಹಸುವನ್ನು ಕಂಡರೆ ಎಲ್ಲರೂ ಹಾಲು ಜ್ವರ ಎನ್ನುತ್ತಾರೆ, ಕ್ಯಾಲ್ಸಿಯಂ ಬಾಟಲಿ ಏರಿಸಿಬಿಡುತ್ತಾರೆ. ಹಾಲು ಜ್ವರ ಬಹುಪಾಲು ಕರು ಹಾಕಿದ ಮೂರು ದಿನದೊಳಗೆ ಬರುತ್ತದೆ, ಸಗಣಿ ಗಟ್ಟಿ ಅಥವಾ ಇಲ್ಲವೇ ಇಲ್ಲ. ಅಸಿಡೋಸಿಸ್‌ನ ಹಸುವೂ ಹಾಗೇ ಮಲಗುತ್ತದೆ, ಆದರೆ ಭೇದಿ ಇರುತ್ತದೆ, ಹುಳಿ ವಾಸನೆ ಇರುತ್ತದೆ, ಕರು ಹಾಕಿ ತಿಂಗಳುಗಳೇ ಆಗಿರಬಹುದು. ಇದರಲ್ಲೂ ಕ್ಯಾಲ್ಸಿಯಂ ಸ್ವಲ್ಪ ಕಡಿಮೆಯಾಗುವುದುಂಟು, ವೈದ್ಯರು ಅಳತೆ ನೋಡಿ ಕೊಡುತ್ತಾರೆ. ಅದೊಂದರಿಂದಲೇ ಹಸು ಏಳುವುದಿಲ್ಲ.

ಕೀಟೋಸಿಸ್ (ಶಕ್ತಿ ಸಾಲದೆ ಮೈಕೊಬ್ಬು ವಿಪರೀತ ಕರಗಿ ಬರುವ ಕಾಯಿಲೆ) ಆದರೆ ಹಸು ಒಣಹುಲ್ಲು ತಿನ್ನುತ್ತದೆ, ಫೀಡನ್ನು ಮೂಸಿ ಬಿಡುತ್ತದೆ. ಉಸಿರಿನಲ್ಲಿ ಸಿಹಿ ಹಣ್ಣಿನ ವಾಸನೆ. ಮೊಳೆ, ತಂತಿ ನುಂಗಿದ್ದರೆ ಬೆನ್ನು ಬಿಲ್ಲಿನಂತೆ ಬಾಗಿಸಿ, ಮೊಣಕೈ ಹೊರಚಾಚಿ ನಿಲ್ಲುತ್ತದೆ, ಇಳಿಜಾರು ಇಳಿಯುವಾಗ ಮುಲುಗುತ್ತದೆ.

ಎಲ್ಲಕ್ಕಿಂತ ಎಚ್ಚರ ಬೇಕಿರುವುದು ಇದರ ತದ್ವಿರುದ್ಧ ಕಾಯಿಲೆಯ ಬಗ್ಗೆ. ಯೂರಿಯಾ ಮೂಟೆಗೆ ಬಾಯಿ ಹಾಕಿದ ಹಸುವಿನ ಹೊಟ್ಟೆ ಕ್ಷಾರವಾಗುತ್ತದೆ, ಅದಕ್ಕೆ ವಿನಿಗರ್ ಕುಡಿಸುವುದು ಸರಿಯಾದ ಮದ್ದು. ಅದನ್ನು ಕೇಳಿದವರು, ನೋಡಿದವರು ಮೇವು ಬಿಟ್ಟ ಎಲ್ಲ ಹಸುವಿಗೂ ವಿನಿಗರ್, ಹುಣಸೆ ನೀರು, ಹುಳಿ ಮಜ್ಜಿಗೆ ಕುಡಿಸುತ್ತಾರೆ. ಅನ್ನ ತಿಂದು ಹುಳಿಯಾದ ಹೊಟ್ಟೆಗೆ ಇನ್ನಷ್ಟು ಹುಳಿ ಸುರಿದಂತೆ ಆಯಿತು. ನಿಶ್ಶಕ್ತಿ ಎಂದು ಬೆಲ್ಲದ ನೀರು ಕುಡಿಸುವುದೂ ಅಷ್ಟೇ ಕೆಟ್ಟದ್ದು, ಆ ಬ್ಯಾಕ್ಟೀರಿಯಾಗೆ ಬೇಕಿರುವುದೇ ಬೆಲ್ಲ. ಎರಡರ ನಡುವೆ ಅನುಮಾನವಿದ್ದರೆ ಬಾಯಿಗೆ ಏನನ್ನೂ ಹಾಕದೆ ಕಾಯುವುದು ಮೇಲು.

ವೈದ್ಯರು ಬರುವ ತನಕ

ಹಸು ಈಗಷ್ಟೇ ತಿಂದದ್ದು ಗೊತ್ತಾಗಿ, ಇನ್ನೂ ಗಟ್ಟಿಯಾಗಿ ನಿಂತಿದ್ದರೆ ನಿಮ್ಮ ಅದೃಷ್ಟ ಚೆನ್ನಾಗಿದೆ. ಲಕ್ಷಣ ಕಾಣಲು ಎಂಟು ಹತ್ತು ಗಂಟೆಯಿಂದ ಒಂದೂವರೆ ದಿನದವರೆಗೂ ಬೇಕಾಗಬಹುದು. "ತಿಂದು ಎರಡು ಗಂಟೆಯಾಯ್ತು, ಏನೂ ಆಗಿಲ್ಲ" ಎಂದು ಮಲಗಬೇಡಿ. ಉಳಿದ ಅನ್ನ, ಫೀಡು ಎಲ್ಲ ಗೋದಲಿಯಿಂದ ತೆಗೆಯಿರಿ. ಒಣಹುಲ್ಲು ಮುಂದಿಡಿ. ಗಂಟೆಗೊಮ್ಮೆ ಒಂದಿಷ್ಟು ದೂರ ನಡೆಸಿ. ಬಾಯಾರಿಕೆಯಿಂದ ಬಾನಿಗಟ್ಟಲೆ ನೀರು ಕುಡಿಯಲು ಬಿಡದೆ ಸ್ವಲ್ಪ ಸ್ವಲ್ಪವೇ ಕೊಡಿ.

ಅಡುಗೆ ಸೋಡಾ ಕುಡಿಸಬಹುದು, ಆದರೆ ವೈದ್ಯರಿಗೆ ಫೋನು ಮಾಡಿ ಹಸುವಿನ ತೂಕ, ತಿಂದ ಪ್ರಮಾಣ ಹೇಳಿ ಕೇಳಿಕೊಂಡೇ ಕುಡಿಸಿ. ನಿಂತಿರುವ ದೊಡ್ಡ ಹಸುವಿಗೆ ಸಾಮಾನ್ಯವಾಗಿ 100–150 ಗ್ರಾಂ ಸೋಡಾವನ್ನು ಒಂದೆರಡು ಲೀಟರ್ ನೀರಿನಲ್ಲಿ ಪೂರ್ತಿ ಕರಗಿಸಿ ಕೊಡಿಸುವುದು ರೂಢಿ. ಸೋಡಾ ಆಮ್ಲಕ್ಕೆ ಸೇರಿದಾಗ ಗಾಳಿ ಏಳುತ್ತದೆ, ಎಡ ಪಕ್ಕೆ ಉಬ್ಬುತ್ತಿದೆಯೇ ನೋಡುತ್ತಿರಿ. ಗೊಟ್ಟದಲ್ಲಾಗಲಿ ಬಾಟಲಿಯಲ್ಲಾಗಲಿ ಕುಡಿಸುವಾಗ ತಲೆಯನ್ನು ಆಕಾಶಕ್ಕೆ ಎತ್ತಬೇಡಿ, ನಾಲಿಗೆ ಹಿಡಿದು ಎಳೆಯಬೇಡಿ, ಕೆಮ್ಮಿದರೆ ತಕ್ಷಣ ತಲೆ ಬಿಡಿ. ಮಲಗಿರುವ, ತೂರಾಡುವ, ನುಂಗಲು ಆಗದ ಹಸುವಿಗೆ ಬಾಯಿಂದ ಏನನ್ನೂ ಕುಡಿಸಲೇಬಾರದು. ಶ್ವಾಸಕೋಶಕ್ಕೆ ನೀರು ಹೋಗಿ ಸತ್ತ ಹಸುಗಳನ್ನು ನಾನು ಕಂಡಿದ್ದೇನೆ. ಹೊಟ್ಟೆಯ ಕಾಯಿಲೆಯಿಂದ ಅವು ಉಳಿಯಬಹುದಿತ್ತು ಎನ್ನುವ ನೋವು ಇನ್ನೂ ಹೋಗಿಲ್ಲ.

ಕರ್ನಾಟಕದಲ್ಲಿ 1962ಕ್ಕೆ ಕರೆ ಮಾಡಿದರೆ ಸಂಚಾರಿ ಪಶು ಚಿಕಿತ್ಸಾ ವಾಹನ ಸಿಗುತ್ತದೆ. ಕರೆ ಮಾಡಿದಾಗ ಮೊದಲ ವಾಕ್ಯದಲ್ಲೇ "ಅನ್ನ ತಿಂದಿದೆ" ಎಂದೋ "ಕಾಳು ತಿಂದಿದೆ" ಎಂದೋ ಹೇಳಿ, ಜೊತೆಗೆ ಎಷ್ಟು ಹೊತ್ತಿನ ಮುಂಚೆ ಎಂದು ಹೇಳಿ.

ಅಜ್ಜಿಯ ಹಸುವಿನ ನಾಡಿ 96 ಇತ್ತು, ಎಬ್ಬಿಸಿದರೆ ನಿಲ್ಲುತ್ತಿತ್ತು. ಹೊಟ್ಟೆಗೆ ದಪ್ಪ ನಳಿಗೆ ಇಳಿಸಿ, ಬೆಚ್ಚಗಿನ ನೀರು ತುಂಬಿ, ಬಕೆಟ್‌ಗಟ್ಟಲೆ ಅನ್ನದ ಗಂಜಿ ಹೊರಗೆ ತೆಗೆದೆವು. ರಕ್ತನಾಳಕ್ಕೆ ಸೋಡಿಯಂ ಬೈಕಾರ್ಬನೇಟ್ ಮತ್ತು ಸಲೈನ್, ಹೊಟ್ಟೆಗೆ ಮೆಗ್ನೀಸಿಯಂ ಹೈಡ್ರಾಕ್ಸೈಡ್, ಜೊತೆಗೆ ಬಿ1 ಜೀವಸತ್ವದ ಸೂಜಿ. ಹೊಟ್ಟೆಯ ಜೀವಿಗಳು ಕೆಟ್ಟಾಗ ಬಿ1 ಕಡಿಮೆಯಾಗಿ ಮಿದುಳಿಗೆ ಪೆಟ್ಟಾಗುವುದುಂಟು, ಹಸು ಕುರುಡಾದಂತೆ ಗೋಡೆಗೆ ಹಾಯುವುದು ಅದಕ್ಕೇ. ನಾಡಿ 120 ದಾಟಿ ಹೊಟ್ಟೆ ತುಂಬ ಕಾಳಿದ್ದರೆ ಪಕ್ಕೆ ಕೊಯ್ದು ಹೊಟ್ಟೆ ಖಾಲಿ ಮಾಡುವ ಶಸ್ತ್ರಚಿಕಿತ್ಸೆಯೇ ಕೊನೆಯ ದಾರಿ, ತಡಮಾಡಿದರೆ ಅದೂ ಕೈಕೊಡುತ್ತದೆ. ತೀವ್ರವಾದದ್ದು ಒಂದರಿಂದ ಮೂರು ದಿನದೊಳಗೆ ಹಸುವನ್ನು ಕೊಲ್ಲುತ್ತದೆ.

ಡೇರಿಯ ಚೀಟಿಯಲ್ಲಿ ಸಿಗುವ ಸುಳಿವು

ಎಲ್ಲ ಅಸಿಡೋಸಿಸ್ ಹೀಗೆ ಅಬ್ಬರದಿಂದ ಬರುವುದಿಲ್ಲ. ದಿನವೂ ಸ್ವಲ್ಪ ಸ್ವಲ್ಪ ಹುಳಿಯಾಗಿ, ಹೊಟ್ಟೆಯ ಪಿಎಚ್ ದಿನಕ್ಕೆ ಕೆಲವು ಗಂಟೆ 5.5ರ ಆಸುಪಾಸಿಗೆ ಇಳಿದು ಮತ್ತೆ ಏರುವ ಬಗೆಯೂ ಇದೆ. ಇದರಲ್ಲಿ ರಕ್ತದ ಪಿಎಚ್ ಕೆಡದೆಯೂ ಇರಬಹುದು, ಹಾಗಾಗಿ ರಕ್ತ ಪರೀಕ್ಷೆಯಲ್ಲಿ ಏನೂ ಸಿಗುವುದಿಲ್ಲ. ಹಾಲು ಹೆಚ್ಚಲಿ ಎಂದು ಫೀಡು ಏರಿಸಿದ ಮನೆಗಳಲ್ಲಿ ಕಾಣುವುದು ಇದೇ.

ಚೀಟಿಯಲ್ಲಿ ಫ್ಯಾಟ್ (ಹಾಲಿನ ಕೊಬ್ಬು, ಶೇಕಡಾ ಲೆಕ್ಕದಲ್ಲಿ) ನೋಡಿ. 4 ಬರುತ್ತಿದ್ದ ಹಸು ಹಾಲಿನ ಪ್ರಮಾಣ ಏರದೆಯೇ 3ಕ್ಕೆ ಇಳಿದರೆ, ನೀರು ಬೆರೆತಿದೆ ಎಂದು ಜಗಳಕ್ಕೆ ನಿಲ್ಲುವ ಮುಂಚೆ ಹೊಟ್ಟೆ ಪರೀಕ್ಷಿಸಿ. ನೀರು ಬೆರೆತರೆ ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನಲ್ಲಿರುವ ಉಳಿದ ಘನಾಂಶ) ಕೂಡ ಬೀಳುತ್ತದೆ, ಇಲ್ಲಿ ಬೀಳುವುದು ಹೆಚ್ಚಾಗಿ ಫ್ಯಾಟ್. ಮಧ್ಯಾಹ್ನ ಮಲಗಿರುವ ಹೊತ್ತಿನಲ್ಲಿ ಮೆಲುಕು ಎಣಿಸಿ, ಒಂದು ಉಂಡೆಗೆ 50ರ ಸುತ್ತ ಜಗಿತ ಇರಬೇಕು, 40ರ ಕೆಳಗೆ ಬಂದರೆ ಮೇವಿನಲ್ಲಿ ನಾರು ಸಾಲದು. ಒಂದು ದಿನ ಗಬಗಬ ತಿಂದು ಮರುದಿನ ಮೂಸುವುದು, ಸಗಣಿ ಒಂದು ದಿನ ಗಟ್ಟಿ ಒಂದು ದಿನ ನೀರು, ಕೊಟ್ಟಿಗೆಯಲ್ಲಿ ಒಂದಕ್ಕಿಂತ ಹೆಚ್ಚು ಹಸು ಕುಂಟುವುದು ಇವೆಲ್ಲ ಒಂದೇ ಬೇರಿನವು. ಗೊರಸಿನ ನೋವಿಗೆ ಗೊರಸಿಗೇ ಔಷಧ ಹಚ್ಚುತ್ತಾ ವರ್ಷ ಕಳೆದವರಿದ್ದಾರೆ.

ಇದಕ್ಕೆ ಮದ್ದು ಗೋದಲಿಯಲ್ಲೇ ಇದೆ. ಮೊದಲು ಹುಲ್ಲು, ಆಮೇಲೆ ಫೀಡು. ಒಂದು ಹೊತ್ತಿಗೆ ಎರಡು ಮೂರು ಕೆಜಿಗಿಂತ ಹೆಚ್ಚು ಫೀಡು ಬೇಡ, ಹೆಚ್ಚು ಕೊಡಲೇಬೇಕಾದರೆ ಹೊತ್ತು ಹೆಚ್ಚಿಸಿ. ಕರು ಹಾಕಿದ ಮೇಲೆ ಎರಡು ಮೂರು ವಾರ ತೆಗೆದುಕೊಂಡು ಮೆಲ್ಲಗೆ ಏರಿಸಿ. ಚಾಫ್ ಕಟ್ಟರಿನಲ್ಲಿ ಮೇವನ್ನು ಪುಡಿ ಮಾಡಬೇಡಿ, ತುಂಡು ಒಂದು ಅಂಗುಲವಾದರೂ ಇರಲಿ, ಜಗಿಯಲು ಏನಾದರೂ ಬೇಕಲ್ಲ.

ಎದ್ದ ಮೇಲೂ

ಹಸು ಎದ್ದಿತು, ಮೇವು ಮುಟ್ಟಿತು ಎಂದು ಫೀಡಿನ ಬಾನಿ ಮುಂದಿಡಬೇಡಿ. ಎರಡು ಮೂರು ದಿನ ಬರೀ ಹುಲ್ಲು. ಹೊಟ್ಟೆಯ ಒಳಪದರ ಆಮ್ಲದಿಂದ ಸುಟ್ಟಿರುತ್ತದೆ. ಅಲ್ಲಿಂದ ಬೂಷ್ಟು, ಬ್ಯಾಕ್ಟೀರಿಯಾ ಒಳನುಗ್ಗಬಹುದು. ಚೇತರಿಸಿಕೊಂಡಂತೆ ಕಂಡು ಮೂರನೇ ನಾಲ್ಕನೇ ದಿನ ಮತ್ತೆ ಬೀಳುವ ಹಸುಗಳಿವೆ. ಯಕೃತ್ತಿನಲ್ಲಿ ಕೀವುಗಟ್ಟುವುದು ವಾರಗಳ ನಂತರ ಗೊತ್ತಾಗುತ್ತದೆ. ಗಬ್ಬದ ಹಸು ಹತ್ತು ಹದಿನೈದು ದಿನಕ್ಕೆ ಕಂದು ಹಾಕುವುದೂ ಉಂಟು. ಹಾಗಾಗಿ ಒಂದು ತಿಂಗಳು ಗೊರಸು, ಜ್ವರ, ಹಾಲು ಮೂರರ ಮೇಲೂ ಕಣ್ಣಿಡಿ. ಸತ್ತುಹೋದ ಜೀವಿಗಳನ್ನು ತುಂಬಿಕೊಡಲು ಆರೋಗ್ಯದ ಹಸುವಿನ ಹೊಟ್ಟೆಯ ರಸವನ್ನು ಬೆಚ್ಚಗಿರುವಾಗಲೇ ನಳಿಗೆಯಲ್ಲಿ ಹಾಕುವುದು ತುಂಬ ಒಳ್ಳೆಯ ಉಪಾಯ, ಎಂಟು ಹತ್ತು ಲೀಟರಾದರೂ ಬೇಕು.

ಇದು ಹಬ್ಬದ ಅನ್ನಕ್ಕೆ ಮಾತ್ರ ಸೀಮಿತವಲ್ಲ. 2024ರ ಜೂನ್‌ನಲ್ಲಿ ಕೇರಳದ ಕೊಲ್ಲಂ ಜಿಲ್ಲೆಯಲ್ಲಿ ಪರೋಟ, ಹಲಸು ಅತಿಯಾಗಿ ತಿಂದ ಐದು ಹಸುಗಳು ಸತ್ತವು. ಮದುವೆ ಛತ್ರದ ಹಿಂದೆ ಸುರಿದ ಊಟ, ಕೊಯ್ಲಾದ ಜೋಳದ ಹೊಲಕ್ಕೆ ಒಮ್ಮೆಲೇ ಬಿಟ್ಟ ಕುರಿ ಮಂದೆ, ಹಲಸಿನ ಕಾಲದಲ್ಲಿ ಮರದಡಿ ಕಟ್ಟಿದ ದನ ಎಲ್ಲದರ ಕಥೆಯೂ ಒಂದೇ. ಕುರಿ ಮೇಕೆಗೆ ಅಪಾಯವಾಗಲು ಕೆಲವೇ ಬೊಗಸೆ ಕಾಳು ಸಾಕು.

ಅಜ್ಜಿಯ ಹಸು ಮೂರನೇ ದಿನ ಸಂಜೆ ಮೆಲುಕು ಹಾಕಿತು. ಹಬ್ಬಕ್ಕೆ ಏನೂ ಕೊಡಲೇಬಾರದೇ ಎಂದು ಅವರು ಕೇಳಿದರು. ಕೊಡಿ ಅಂದೆ, ಹೊಟ್ಟೆ ತುಂಬ ಹುಲ್ಲು ತಿಂದ ಮೇಲೆ ಒಂದು ತುತ್ತು, ಬಾಳೆ ಎಲೆಯ ಮೇಲಿಟ್ಟು. ಎಲೆಯನ್ನೂ ತಿನ್ನಲಿ.